ಕೈಯಿಂದ ಕೈಗೆ ಕೊಡಬಾರದ್ದು

ಉಪ್ಪು, ಮೆಣಸಿನಕಾಯಿ
ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತೆ
ಅಂತಿದ್ದಳು ನಮ್ಮಜ್ಜಿ.
ಕ್ಯೂರಿಂಗ್ ವರ್ಕ್ಸಿನ ಮಧ್ಯಾಹ್ನದ ಬಿಡುವಿನಲ್ಲಿ
ಜುಲೇಖಾ ಅದನ್ನು ಕೇಳಿ ನಕ್ಕು
ಕೆಂಪಗೆ ಹಣ್ಣಾದ ಒಂದನ್ನು
ನನ್ನ ಅಂಗೈಗೇ ಒತ್ತಿಬಿಟ್ಟಳು:
"ಬರಲಿ ಜಗಳ, ನೋಡೇಬಿಡೋಣ.
ಬೀಜಕ್ಕಿಡು. ನಮ್ಮತ್ತೆ ಊರಿನದು, ಆಲೂರಿನ ಕಡೇದು."

ಹದಿನೇಳು ವರ್ಷ ಕಾಫಿಬೀಜ ಆರಿಸಿದ ಬೆರಳು ನನ್ನದು.
ಕಪ್ಪು, ಒಡಕು, ಹುಳ ಕೊರೆದದ್ದು,
ಕಣ್ಣು ಬೇರೆಲ್ಲೋ ಇದ್ದರೂ ಉಗುರಿಗೆ ತಿಳಿಯುತ್ತೆ.
ಮೆಣಸಿನ ಬೀಜವನ್ನೂ ಹಾಗೇ ಆರಿಸಿದೆ.
ಬಟ್ಟಲು ನೀರಿಗೆ ಸುರಿದು
ಮುಳುಗಿದ್ದನ್ನು ಇಟ್ಟುಕೊಂಡು
ತೇಲಿದ್ದನ್ನು ಜೊಳ್ಳೆಂದು
ಒಗೆಯೋ ಕಲ್ಲಿನ ಹಿಂದಕ್ಕೆ ಚೆಲ್ಲಿದೆ.
ಆ ರಾತ್ರಿ ಮರೆತು ಕಣ್ಣುಜ್ಜಿಕೊಂಡು
ಪಕ್ಕದ ಬಾಡಿಗೆಯವರು ಏಳುವಷ್ಟು ಬೈದುಕೊಂಡೆ.

ಪೇಂಟಿನ ಡಬ್ಬ ಐದು. ಕಾಯಿಸಿದ ಮೊಳೆಯಿಂದ ತಳಕ್ಕೆ ತೂತು.
ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ,
ಗೇಟಿನಾಚೆ ಗುಡ್ಡೆ ಬಿದ್ದ ಕಾಫಿ ಹೊಟ್ಟು ಒಂದು ಬೊಗಸೆ.
ಎಂಟನೇ ದಿನಕ್ಕೆ ಕತ್ತು ಬಗ್ಗಿಸಿಕೊಂಡು ಎದ್ದವು,
ತಡವಾಗಿ ಬಂದು ಮೇಸ್ತ್ರಿ ಮುಂದೆ ನಿಂತವರ ಹಾಗೆ.

ಆಮೇಲೆ ಮಿಷನ್ನು ಬಂತು,
ಬಣ್ಣ ನೋಡಿ ಬೀಜ ಬೇರ್ಪಡಿಸುವ ಮಿಷನ್ನು.
ನಲವತ್ತು ಜನರಲ್ಲಿ ಆರು ಜನ ಸಾಕಂತೆ,
ಅದು ಉಗುಳಿದ್ದನ್ನು ಇನ್ನೊಮ್ಮೆ ನೋಡುವುದಕ್ಕೆ.
ಮೇಸ್ತ್ರಿ ಹೆಸರು ಓದಿದ. ನನ್ನದಿತ್ತು.
ಬುತ್ತಿಡಬ್ಬಿ ಮುಚ್ಚುತ್ತ ಜುಲೇಖಾ
"ನಿನ್ನ ತಮ್ಮ ಯೂನಿಯನ್ನಿನಲ್ಲಿದ್ದಾನಲ್ಲ, ಬಿಡು" ಅಂದಳು.
ನಾನೂ ಒಂದು ಮಾತು ಅಂದೆ.
ಅದನ್ನು ಇಲ್ಲಿ ಬರೆಯಲಾರೆ.

ಡಬ್ಬದ ಗಿಡಗಳಿಗೆ ಮುಟುರು ಹಿಡಿಯಿತು.
ಎಲೆಯೆಲ್ಲ ಮುಷ್ಟಿ ಕಟ್ಟಿ, ಕುಡಿ ಕುಗ್ಗಿ.
ಹುಳಿ ಮಜ್ಜಿಗೆ ಚಿಮುಕಿಸಿದೆ, ಬೂದಿ ಉದುರಿಸಿದೆ,
ತಿಮ್ಮೇಗೌಡರ ಸೊಸೆ ಹೇಳಿದಳೆಂದು
ಬೆಳ್ಳುಳ್ಳಿ ಅರೆದು ಸೋಸಿ ಹೊಡೆದೆ.
ನಾಲ್ಕು ಸತ್ತವು. ಐದನೆಯದು
ಹೂ ಬಿಟ್ಟು ಹೂ ಉದುರಿಸಿ
ಹೂ ಬಿಟ್ಟು ಹೂ ಉದುರಿಸಿ
ಕಾಯಿ ಕಟ್ಟುವ ಮಾತೇ ಎತ್ತಲಿಲ್ಲ.

ಕಾರ್ತಿಕದ ಒಂದು ಭಾನುವಾರ
ಜಾರಿಬಿದ್ದ ಸೋಪು ಹುಡುಕಲು ಬಗ್ಗಿದರೆ
ಒಗೆಯೋ ಕಲ್ಲಿನ ಹಿಂದೆ
ಮೊಣಕಾಲೆತ್ತರದ ಮೆಣಸಿನ ಗಿಡ.
ಜೊಳ್ಳೆಂದು ಎಸೆದದ್ದು. ಬಟ್ಟೆ ತೊಳೆದ ನೀರು ಕುಡಿದದ್ದು.
ಕಾಯೆಲ್ಲ ಆಕಾಶಕ್ಕೆ ಮೂತಿ ಚೂಪು ಮಾಡಿಕೊಂಡು
ಇಪ್ಪತ್ತಮೂರು. ಎಣಿಸಿದೆ. ಮತ್ತೆ ಎಣಿಸಿದೆ.
ಹದಿನೇಳು ವರ್ಷದ ಬೆರಳನ್ನು
ಸೆರಗಿನಲ್ಲಿ ಮುಚ್ಚಿಕೊಂಡೆ.

ಪೆನ್ಷನ್ ಮೊಹಲ್ಲಾದ ಮೂರನೇ ತಿರುವು,
ಹೊಲಿಗೆ ಸದ್ದು ಬರುವ ಬಾಗಿಲು.
ಜುಲೇಖಾ ತಲೆ ಎತ್ತಿದಳು, ಕಾಲು ನಿಲ್ಲಿಸಲಿಲ್ಲ.
ಗುಡ್ಡೆ ನೈಟಿ, ಅಂಚಿಗೆ ಹಳದಿ ದಾರ.
ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು
ಹೊಸಿಲ ಹತ್ತಿರ ಎಲ್ಲಿ ಬಿತ್ತೋ.
ಪೊಟ್ಟಣವನ್ನು ಕೈಗೆ ಕೊಡಲಿಲ್ಲ.
ಹೊಸಿಲ ಮೇಲಿಟ್ಟೆ,
ಎರಡು ಹೆಜ್ಜೆ ಹಿಂದೆ ಸರಿದೆ.

ಈ ಮಿಷನ್ನು ನಿಂತಿತು.
ಕಾಗದ ಬಿಚ್ಚಿ, ಒಂದರ ತುದಿ ಕಚ್ಚಿ,
ಮೂಗು ಕಣ್ಣು ಒಟ್ಟಿಗೇ ಸುರಿಯುತ್ತ
"ಥೇಟ್ ನಮ್ಮತ್ತೆ" ಅಂದಳು.
ಉಳಿದರ್ಧ ನನಗೆ.
ಹಾ ಹಾ ಅನ್ನುತ್ತ ಇಬ್ಬರೂ ಬಾಯಿ ಬಿಟ್ಟು ಕೂತಿದ್ದಾಗ
ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು
ನನ್ನತ್ತ ಚಾಚಿದಳು,
ನೆಲಕ್ಕಿಡದೆ.