ಹೊತ್ತು ಕಂತಿದ ಮೇಲೆ

ವಿದ್ಯಾನಗರದ ಕೋರ್ಟಿನ ಹಿಂಬದಿಗೆ
ಉಚಿತ ಕಾನೂನು ನೆರವಿನ ಕೋಣೆ.
ಬಾಗಿಲ ಬೋರ್ಡು ಎರಡು ಭಾಷೆಯಲ್ಲಿ,
ನನ್ನದು ಕೆಳಗೆ, ಸಣ್ಣಕ್ಕೆ, ಒಂದು ಒತ್ತಕ್ಷರ ತಪ್ಪಿ.
ಆದರೂ ಓದಿದೆ. ಓದಿಯೇ ಒಳಗೆ ಹೋದೆ.

ಶಾಕಿರಾ ವಕೀಲರಿಗೆ ನನ್ನ ಮಗಳ ಪ್ರಾಯ.
"ಹೆಸರು?"
ಮಾಂಕು.
"ಮುಂದೆ?"
ಮುಂದೆ ಏನಿಲ್ಲ. ಮಾಂಕು.
ಬದಿಯಡ್ಕದಿಂದ ಒಳಗೆ, ಬಸ್ಸು ತಿರುಗುವಲ್ಲಿಂದ
ಇಳಿಜಾರಲ್ಲಿ ಕಾಲು ಗಂಟೆ.

ಹೇಳಿದೆ:
ಕೆಲಸದ ಮನೆಯಲ್ಲಿ ಸರ ಕಾಣೆಯಾಯಿತು, ಮೂರು ಪವನು.
ನೆಲ ಒರೆಸಿದವಳು ನಾನು ಎಂಬುದೇ ಸಾಕ್ಷಿ.
ಜೀಪು ಬಂತು. ಠಾಣೆಯ ಬೆಂಚಿನಲ್ಲಿ ಇಡೀ ರಾತ್ರಿ.
ಹೊಡೆಯಲಿಲ್ಲ. ಅದನ್ನೂ ಬರೆಯಿರಿ, ಸುಳ್ಳು ಬೇಡ.
ನೀರು ಕೇಳಿದ್ದಕ್ಕೆ ಒಬ್ಬ
ನನ್ನ ಜಾತಿಯ ಹೆಸರು ಹಿಡಿದು ನಕ್ಕ.
ಅದನ್ನೂ ಬರೆಯಿರಿ.

ಮರುದಿನ ಸರ ಸಿಕ್ಕಿತು,
ವಾಷಿಂಗ್ ಮೆಷಿನಿನ ರಬ್ಬರು ಮಡಿಕೆಯಲ್ಲಿ.
"ಸಿಕ್ಕಿತಲ್ಲ, ಇನ್ನು ಹೋಗು" ಎಂದರು
ಕಳೆದದ್ದು ಅದೊಂದೇ ಎಂಬ ಹಾಗೆ.
ಹೋಗುವ ಮೊದಲು ಒಂದು ಕಾಗದಕ್ಕೆ ಸಹಿ.
ಮಲಯಾಳ ನನಗೆ ಮಾತು ಬರುತ್ತದೆ, ಅಕ್ಷರ ಬಾರದು.
ನಾನೇ ಬಂದೆ, ನಾನೇ ಹೋದೆ ಎಂದಿರಬೇಕು ಅದರಲ್ಲಿ.

ಶಾಕಿರಾ ಪೆನ್ನು ನಿಲ್ಲಿಸಿದರು.
"ಜೀಪು ಹತ್ತಿಸುವಾಗ ಹೊತ್ತು ಕಂತಿತ್ತಾ?"

ಇದೆಂಥ ಪ್ರಶ್ನೆ ಮಾರಾಯ್ರೆ.
ಮಾನ ಹೋಗುವಾಗ ಬಾನು ನೋಡುವವರುಂಟೇ?
"ಕಂತಿದ ಮೇಲೆ ಹೆಂಗಸನ್ನು ಹಾಗೆ ಹಿಡಿಯುವಂತಿಲ್ಲ.
ಹೆಣ್ಣು ಪೊಲೀಸು ಬೇಕು, ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕು.
ಕಂತುವ ಮುಂಚೆ ಎಂದರೆ ಕತೆ ಬೇರೆ."

ಸೂರ್ಯನಿಗೂ ಕಾನೂನಿಗೂ ಇಂಥದೊಂದು ಒಪ್ಪಂದ ಉಂಟೆಂದು
ನಲವತ್ತಾರು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ನೆನಪು ಕೆದಕಿದೆ.
ಕೋಳಿ ಗೂಡು ಹೊಕ್ಕಿತ್ತು.
ಆದರೆ ಮೋಡದ ದಿನ ಅದು ಬೇಗ ಹೊಗುತ್ತದೆ,
ಕೋಳಿಯನ್ನು ನಂಬಬೇಡಿ.
ಬೀಡಿ ಕೊಟ್ಟು ಬರುವವರು ದಾಟಿ ಹೋಗಿದ್ದರು.
ಅವರು ಹೇಳಲಿಕ್ಕಿಲ್ಲ,
ಆ ಮನೆಯ ಬಾವಿಯಿಂದಲೇ ಅವರಿಗೆ ನೀರು.
ಆಮೇಲೆ ಕಿವಿಗೆ ಬಂತು:
ಜೀಪಿನ ಬಾಗಿಲು ಬಡಿಯುವುದಕ್ಕೆ ಮೊದಲು
ಗುಡ್ಡೆಯ ಪಳ್ಳಿಯ ಬಾಂಗು.
ಪೂರ್ತಿ ಮುಗಿದಿತ್ತು.
ಮುಗಿದ ಮೇಲಿನ ಗರಗರ,
ಮೈಕು ಆರಿಸುವ ಟಕ್ಕು,
ಅದೂ ಕೇಳಿತ್ತು.

ಶಾಕಿರಾ ಎದ್ದು
ಗೋಡೆಯ ಕ್ಯಾಲೆಂಡರನ್ನು ಹಿಂದೆ ಮಗುಚಿದರು.
ವಿಷುವಿನ ಮರುದಿನ. ಇರುವೆ ಸಾಲಿನಂಥ ಅಕ್ಷರದಲ್ಲಿ
ಮಗ್ರಿಬ್, ಆರು ನಲವತ್ತಾರು.
ಬೆರಳಿಟ್ಟು ಎರಡು ಸಲ ಓದಿದರು,
ಎರಡನೆಯ ಸಲ ಜೋರಾಗಿ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು
ಕನ್ನಡದಲ್ಲಿ ಹೇಳಿದರು, ತಡವರಿಸುತ್ತ,
ಸಿಗದ ಪದಕ್ಕೆ ನನ್ನ ಮುಖ ನೋಡುತ್ತ.
ಕೊನೆಗೆ: "ಆದುದರಿಂದ ಪ್ರಾರ್ಥಿಸುತ್ತೇನೆ."

ಅದು ಬೇಡ, ಎಂದೆ.
ಪ್ರಾರ್ಥನೆ ದೈವದ ಎದುರಿಗೆ.
ಕೊಟ್ಟರೆ ಕೊಟ್ಟಿತು, ಬಿಟ್ಟರೆ ಬಿಟ್ಟಿತು.
ಇಲ್ಲಿಗೆ ನಾನು ಕೇಳಲಿಕ್ಕೆ ಬಂದದ್ದು.

"ಕೋರ್ಟಿನಲ್ಲಿ ಕೇಳುವುದಕ್ಕೆ ಅದೇ ಹೆಸರು, ಮಾಂಕಕ್ಕ.
ದೊಡ್ಡ ದೊಡ್ಡವರೂ ಹಾಗೆಯೇ ಬರೆಯುವುದು."

ಇಬ್ಬರೂ ಸ್ವಲ್ಪ ಹೊತ್ತು
ಆ ಪದವನ್ನೇ ನೋಡುತ್ತ ಕೂತೆವು.
ಫ್ಯಾನು ಕಾಗದದ ಮೂಲೆ ಎತ್ತುತ್ತಿತ್ತು, ಇಳಿಸುತ್ತಿತ್ತು.
ಇರಲಿ, ಎಂದೆ.
ಅದರಡಿಗೆ ನನ್ನ ಹೆಸರು,
ಕನ್ನಡದಲ್ಲಿ, ಸೊನ್ನೆ ಬಿಡದೆ.

ಗೆಲ್ಲುತ್ತೇವಾ ಎಂದು ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.
ತಾರೀಕಿನ ಚೀಟಿ ಚಿಲ್ಲರೆಯ ಜೊತೆ ಮಡಚಿಟ್ಟು
ಬಸ್ಸಿಗೆ ಕಾದೆ.

ಪಡುವಣದಲ್ಲಿ ಪೆಟ್ರೋಲ್ ಬಂಕಿನ ತಗಡಿನ ಮೇಲೆ
ಹೊತ್ತು ಇನ್ನೂ ಒಂದು ಮಾರು ಉಳಿದಿತ್ತು.
ನೋಡಿಟ್ಟುಕೊಂಡೆ.