ಸುರಂಗದಲ್ಲಿ ಭಾಗವತರಿಲ್ಲ

ಬೆಳಗಿನ ಆರೂ ಐದರ ಪುಣೆ ಗಾಡಿ, ಪಾಸಿನವರ ಡಬ್ಬಿ.
ಶಿವಾಜಿನಗರ ದಾಟುವ ಮೊದಲೇ
ನಮ್ಮ ಎಂಟು ಮೊಣಕಾಲ ಮೇಲೆ
ಪೆಂಡ್ಸೆಯವರ ಬ್ರೀಫ್‌ಕೇಸು ಅಡ್ಡ ಮಲಗುತ್ತದೆ.
ಹೋದ ಮಳೆಗಾಲದ ತನಕ ಅದರ ಮೇಲೆ ರಮ್ಮಿ.
ಈಗ ನಫೀಸಾಳ ಫೋನು,
ನೀರಿನ ಬಾಟ್ಲಿಗೆ ಬೆನ್ನು ಕೊಟ್ಟು ಕೂತು
ಒಂದು ರಾಜ್ಯವನ್ನೇ ನಡೆಸುತ್ತದೆ.

ಸುಕೇಶ ಕರ್ಕೇರ ಅದಕ್ಕಿಟ್ಟ ಹೆಸರು ಭಾಗವತರು.
'ತಾಳಮದ್ದಳೆ ಮಾರಾಯ್ರೆ ಇದು,
ಬಣ್ಣವಿಲ್ಲ, ಗೆಜ್ಜೆಯಿಲ್ಲ,
ಕೂತಲ್ಲೇ ಮಾತು, ಮಾತಲ್ಲೇ ಯುದ್ಧ.'
ಅವನು ಕಳ್ಳ. ನಫೀಸಾ ಮುರಿದ ಮೂಳೆ ಕೂಡಿಸುವ ವೈದ್ಯೆ.
ನಾನು, ವಿಮಾ ಕಚೇರಿಯಲ್ಲಿ ಸತ್ತವರ ಕ್ಲೇಮು ನೋಡುವವಳು,
ಇಲ್ಲಿ ಬಿಲ್ಲುಗಾರ್ತಿ.
ಪೆಂಡ್ಸೆಯವರು ಮಾತ್ರ ಬಹಳ ಯೋಚಿಸಿ
'ನಾನೊಬ್ಬ ಸುಂಕದವನು' ಎಂದರು.

ಭಾಗವತರು ತಾವೇ ದಾಳ ಹಾಕಿ ಅಂಕಿ ಹೇಳುತ್ತಾರೆ.
ಕಾಣದ ದಾಳ ನನಗೆ ಒಗ್ಗದು.
ಬೆಂಕಿಪೊಟ್ಟಣದಲ್ಲಿ ಅವ್ವನ ನಾಲ್ಕು ಕವಡೆ ತರುತ್ತೇನೆ,
ಪೆಟ್ಟಿಗೆಯ ಮೇಲೆ ಉರುಳಿಸಿದರೆ
ಧೋಂ ಎಂದು ಮದ್ದಳೆಯ ಸದ್ದು.
ತಳೇಗಾಂವ ದಾಟಿ ಗಾಡಿ ಕುಲುಕಿತೆಂದರೆ
ಬಿದ್ದ ಕವಡೆಯೂ ಮಗುಚುತ್ತದೆ.
ಗಾಡಿಯದೂ ಒಂದು ಕೈ ಇರಲಿ, ಎನ್ನುತ್ತಾನೆ ಸುಕೇಶ.

ಮೆಚ್ಚಬೇಕು, ಭಾಗವತರಿಗೆ ಬೇಸರವಿಲ್ಲ.
ಮರಾಠಿ ಹಿಂದಿ ಕನ್ನಡ ಕಲಸಿ ಬರೆದರೂ ತಿಳಿಯುತ್ತದೆ.
ಮೊನ್ನೆ ಸತ್ತ ಕುದುರೆಗೆ ಇವತ್ತು ನೀರು ಕುಡಿಸುತ್ತಾರೆ,
ನೆನಪಿಸಿದರೆ ಕ್ಷಮೆ ಕೇಳಿ
ಪಾಪ, ಅದನ್ನು ಮತ್ತೊಮ್ಮೆ ಸಾಯಿಸುತ್ತಾರೆ.

ಲೋಣಾವಳದ ಆಚೆ ಘಟ್ಟ.
ಮೊದಲ ಸುರಂಗಕ್ಕೇ ಅವರ ದನಿ ಬಿದ್ದುಹೋಗುತ್ತದೆ,
ಪರದೆಯ ಮೇಲೆ ಸುಮ್ಮನೆ ತಿರುಗುವ ಒಂದು ಸೊನ್ನೆ.
ಹೊರಬಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಸುರಂಗ.

ಆ ಗುರುವಾರ ಕೊನೆಗೆ ಕೇಳಿದ್ದು:
'ಸುಂಕದವನೇ, ಕೋಟೆಬಾಗಿಲಲ್ಲಿ ಕಾವಲುಗಾರ ತಡೆದಿದ್ದಾನೆ.
ನಿನ್ನ ಪೆಟ್ಟಿಗೆಯಲ್ಲಿ ಏನಿದೆ?'
ಕತ್ತಲಾಯಿತು. ಡಬ್ಬಿಯ ದೀಪ ಅಂದು ಕೆಟ್ಟಿತ್ತು.
ಚಕ್ರದ ಸದ್ದಿನೊಳಗಿಂದ ಪೆಂಡ್ಸೆಯವರು,
'ಏನಿಲ್ಲ. ದೀಪಾವಳಿಯಿಂದ ಏನಿಲ್ಲ.
ದಾದರಿನಲ್ಲಿ ಇಳಿದು ಸಂಜೆಯವರೆಗೆ
ಹೂವಿನ ಮಾರ್ಕೆಟ್ಟಿನ ಹತ್ತಿರ ಕೂತಿರುತ್ತೇನೆ.'

ಸುಂಕದವನ ಮುಂದೆ ಸುಖದುಃಖ, ಎನ್ನುತ್ತೇವೆ ನಾವು.
ಸುಂಕದವನೇ ಹೇಳಿಕೊಂಡರೆ ಏನು ಮಾಡಬೇಕೆಂದು
ಗಾದೆ ಹೇಳುವುದಿಲ್ಲ.
ಆಟಕ್ಕೋ ನಿಜಕ್ಕೋ ಎಂದು ಯಾರೂ ಕೇಳಲಿಲ್ಲ.
ಸುಕೇಶ ಕೆಮ್ಮಿದ.
ನನಗೆ ಆ ಧೋಂ ನೆನಪಾಯಿತು,
ಎಷ್ಟು ತಿಂಗಳು ಅದನ್ನು ತಾಳಕ್ಕೆ ಹೊಂದಿಸಿ ಕೇಳಿದ್ದೆ.

ಪಳಸದರಿಯಲ್ಲಿ ಬೆಳಕು, ಎರಡು ಗೆರೆ ಸಿಗ್ನಲ್ಲು.
ಪರದೆಯ ಮೇಲೆ ಅದೇ ಪ್ರಶ್ನೆ ಕಾದಿತ್ತು.
ಪೆಂಡ್ಸೆಯವರು ಕನ್ನಡಕ ಒರೆಸುತ್ತಿದ್ದರು.
ನಫೀಸಾ ಬರೆದಳು: ನೀವೇ ಹೇಳಿ.

ಹಗ್ಗ, ಎಂದರು ಭಾಗವತರು. ಎರಡು ಪಂಜು.
ಮೂರು ದಿನದ ಬುತ್ತಿ. ಮುದ್ರೆ ಒತ್ತಿದ ಒಂದು ಓಲೆ,
ಯಾರಿಗೆಂದು ಬರೆದಿಲ್ಲ.
ಕಾವಲುಗಾರ ದಾರಿ ಬಿಟ್ಟ.

ಕರ್ಜತ್ತಿನಲ್ಲಿ ಗಾಡಿ ನಿಂತಾಗ
ನಫೀಸಾ ಇಳಿದು ಎಂಟು ವಡೆ ತಂದಳು.
ನಾಲ್ಕು ನಮಗೆ. ಉಳಿದ ನಾಲ್ಕನ್ನು ಪೇಪರಿನಲ್ಲಿ ಸುತ್ತಿ,
'ಕವಡೆ ತೆಗಿ' ಎಂದು ನನಗೆ ಹೇಳಿ,
ಬ್ರೀಫ್‌ಕೇಸಿನ ಎರಡೂ ಕೊಂಡಿ ಎತ್ತಿದಳು.
ಒಳಗೆ ಬಾಚಣಿಗೆ, ಪಾಸು.
ಪಾಸು ಮುಗಿಯಲು ಹನ್ನೊಂದು ದಿನ.

ಮುಚ್ಚಿದ ಮೇಲೆ ಕವಡೆ ಉರುಳಿಸಿದೆ.
ಸದ್ದು ಬೇರೆ ಬಂತು.
ಮೂರು, ಎಂದೆ.
'ತಡೀರಿ ಮಾರಾಯ್ರೆ,' ಎಂದ ಸುಕೇಶ,
'ಗಾಡಿ ಇನ್ನೂ ಹೊರಟಿಲ್ಲ.'