ಉಪ್ಪಿನೂರಲ್ಲಿ ಎರಡನೇ ಪೀರಿಯಡ್

ಪಾಠ ಮಾಡುವವಳಲ್ಲ ನಾನು.
ಬೀಕರು ತೊಳೆಯುವವಳು, ಬ್ಯುರೆಟ್ಟು ನಿಲ್ಲಿಸುವವಳು,
ಹನ್ನೊಂದು ವರ್ಷದಿಂದ ನಾರ್ತ್‌ವಿಚ್ಚಿನ ಈ ಶಾಲೆಯಲ್ಲಿ
ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೂತು
ಸೀಸೆಗಳಿಗೆ ಚೀಟಿ ಅಂಟಿಸುವವಳು.

ಇವತ್ತು ಬೇಕಾದದ್ದು: ನೀರು, ಹೆಕ್ಸೇನ್,
ಪ್ಲಾಸ್ಟಿಕ್ ಸಲಾಕೆ ಎರಡು, ಉಣ್ಣೆಯ ಚಿಂದಿ.
ಚಿಂದಿ ನನ್ನದೇ ಹಳೇ ಸ್ವೆಟರಿನ ತೋಳು.
ವೆನಬಲ್ಸ್ ಮೇಡಂಗೆ ಗಂಟಲು ಕಟ್ಟಿದೆ.
‘ನೀನೇ ತಿಕ್ಕು, ವಾರಿ’ ಅಂದಳು ಪಿಸುದನಿಯಲ್ಲಿ.
ವಾರಿಜಾ ಅನ್ನಲು ಬಾರದೆ ವಾರಿ ಮಾಡಿದ್ದಾಳೆ,
ಹಾಗೆಂದರೆ ನೀರು ಅಂತ ಅವಳಿಗೆ ಗೊತ್ತಿಲ್ಲ.

ತಿಕ್ಕಿದೆ. ಹತ್ತಿರ ಹಿಡಿದೆ.
ನೆಟ್ಟಗೆ ಇಳಿಯುತ್ತಿದ್ದ ನೀರಿನ ಎಳೆ
ಮುಟ್ಟದೆಯೇ ವಾಲಿತು ಸಲಾಕೆಯ ಕಡೆಗೆ,
ಯಾರೋ ಹೆಸರು ಹಿಡಿದು ಕರೆದ ಹಾಗೆ.
ಹೆಕ್ಸೇನಿಗೆ ಮಾತ್ರ ಎಷ್ಟು ಕರೆದರೂ ಕಿವಿಯಿಲ್ಲ.

ಆಕ್ಸಿಜನ್ ಇದೆಯಲ್ಲ, ಹಂಚಿಕೊಂಡದ್ದನ್ನೂ
ತನ್ನ ಮಗ್ಗುಲಿಗೇ ಎಳೆದುಕೊಳ್ಳುವ ಜಾತಿ.
ಒಂದೇ ಕಂಬಳಿಯಲ್ಲಿ ಮಲಗಿ
ಮುಕ್ಕಾಲು ತಾನೇ ಹೊದ್ದವನಂತೆ;
ಎರಡೂ ಹೈಡ್ರೋಜನ್ನುಗಳ ಕಾಲು ಹೊರಗೆ, ಚಳಿಗೆ.
ಕಾರ್ಬನ್ ಡೈಆಕ್ಸೈಡಿನಲ್ಲೂ ಇದೇ ಜಗ್ಗಾಟ, ಆದರೆ
ಎದುರುಬದುರು ನಿಂತು ಸರಿಸಮ ಎಳೆದು
ಹಗ್ಗ ಇದ್ದಲ್ಲೇ ಇದೆ.
ನೀರು ಸೊಂಟ ಬಗ್ಗಿಸಿ ನಿಂತದ್ದು,
ಅದಕ್ಕೇ ಅದಕ್ಕೊಂದು ಮುಖ, ಒಂದು ಬೆನ್ನು.

ಆಮೇಲೆ ಉಪ್ಪಿನ ಮಾತು ಬಂತು.
ಈ ಊರಲ್ಲಿ ಬಾರದ ದಿನವಿಲ್ಲ,
ಕಾಲ ಕೆಳಗೇ ಇದೆ.
ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ಇಸಕೊಂಡಿತು.
ಬೋರ್ಡಿನ ಮೇಲೆ ಬರೀ ಪ್ಲಸ್ಸು, ಬರೀ ಮೈನಸ್ಸು.
ರಾಣೆಬೆನ್ನೂರಿನ ಮುನ್ಸಿಪಲ್ ಹೈಸ್ಕೂಲಿನಲ್ಲಿ
ಕೊಟ್ಟದ್ದಕ್ಕೆ ಧನ ಅಂದಿದ್ದರು ನಮಗೆ,
ಇಸಕೊಂಡದ್ದಕ್ಕೆ ಋಣ.
ಕಳಕೊಂಡದ್ದು ಧನ ಹೇಗಾಯಿತು ಸಾರ್
ಅಂತ ಅವತ್ತೇ ಕೇಳಬೇಕಿತ್ತು.
ಇಲ್ಲಿ ಹೇಳೋಣವೆಂದರೆ
ಪ್ಲಸ್ಸಿನೊಳಗೆ ಕಾಸಿಲ್ಲ,
ಮೈನಸ್ಸಿನೊಳಗೆ ತೀರಿಸುವ ಚಿಂತೆಯಿಲ್ಲ.
ಸುಮ್ಮನೆ ಗಾಜಿನ ಬಟ್ಟಲಿಗೆ ಉಪ್ಪು ಸುರಿದೆ.

ಹಿಂದಿನ ಬೆಂಚಿನಿಂದ ಎಲ್ಲಿಸ್ ಯಾರ್‌ವುಡ್ ಎದ್ದ,
ಎಂದೂ ಏಳದ ಹುಡುಗ.
‘ನಮ್ಮ ಮುತ್ತಜ್ಜನ ಅಂಗಡಿ ಒಂದು ರಾತ್ರಿ
ಮೊಣಕಾಲುದ್ದ ಇಳಿಯಿತಂತೆ.
ಯಾರೂ ಗುದ್ದಲಿ ಹಾಕಿರಲಿಲ್ಲ.
ಕೆಳಗೆ ನೀರು ಹೊಕ್ಕಿತ್ತು, ಉಪ್ಪುನೀರು ಪಂಪಿನಲ್ಲಿ ಮೇಲೆ ಹೋಗಿತ್ತು, ಅಷ್ಟೆ.
ಎಂಟುನೂರು ಡಿಗ್ರಿ ಕಾಯಿಸಿದರೂ ಬಗ್ಗದ ಬಂಧ
ತಣ್ಣೀರಿಗೆ ಯಾಕೆ ಸೋತಿತು ಮಿಸ್?’

ಮೇಡಂ ಬಾಯಿ ತೆರೆದಳು, ದನಿ ಬರಲಿಲ್ಲ.
ನನ್ನ ಕಡೆ ನೋಡಿದಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ನಮ್ಮಲ್ಲಿ.
ಇಲ್ಲಿ ನೀರೇ ಉಪ್ಪು ತಿಂದು
ಮೇಲಿಂದ ಊರನ್ನು ಕುಡಿಯಿತು.
ಇದನ್ನು ಹೇಳಲಿಲ್ಲ. ಹೇಳಿದ್ದು ಇಷ್ಟೇ:
ಒಂದು ನೀರಿನಿಂದ ಆಗದಪ್ಪ.
ಮೂಲೆಯಲ್ಲಿ ಕೂತ ಸೋಡಿಯಮ್ಮನ್ನು
ಐದಾರು ಸುತ್ತುಗಟ್ಟುತ್ತವೆ, ಆಕ್ಸಿಜನ್ ಮುಖ ಒಳಗೆ ಮಾಡಿ.
ಕ್ಲೋರಿನ್ನಿಗೆ ಇನ್ನಷ್ಟು, ಬೆನ್ನು ಕೊಟ್ಟು.
ಒಂದೊಂದರದೂ ಚೂರೇ ಚೂರು ಸೆಳೆತ;
ಗದ್ದಲವಿಲ್ಲದೆ ಹೊತ್ತು ಹೊರಡುತ್ತವೆ.
ಆಮೇಲೆ ಮುಂದಿನ ಮೂಲೆ.

‘ಶವ ಎತ್ತಿದ ಹಾಗೆ’ ಅಂದಿತು ಯಾವುದೋ ಹುಡುಗಿ.
‘ಅಥವಾ ಮದುಮಗಳನ್ನ’ ಅಂದೆ, ಯಾಕೋ.

ಬೆಲ್ಲು ಹೊಡೆಯಿತು.
ಮನೆ ವಾಲಿದರೆ ಜಾಕು ಕೊಟ್ಟು ಎತ್ತಲೆಂದು
ಮರದ ಚೌಕಟ್ಟಿನಲ್ಲಿ ಕಟ್ಟಿದ ಬೀದಿಗೆ
ಮಕ್ಕಳು ಸುರಿದುಹೋದರು, ಚಿಪ್ಸು ತಿನ್ನಲು.
ಸಿಂಕಿಗೆ ಬಾಗಿದ್ದೆ. ಬಾಗಿಲಿಂದ ಎಲ್ಲಿಸ್,
‘ಥ್ಯಾಂಕ್ಸ್, ಮಿಸ್ ವಾರಿ.’
ತಿರುಗಿದೆ. ಅಷ್ಟರಲ್ಲಿ ಹೋಗಿಯಾಗಿತ್ತು.

ಬಟ್ಟಲಿನ ಉಪ್ಪುನೀರನ್ನು ಚೆಲ್ಲಲು ಮನಸ್ಸಾಗದೆ
ಕಿಟಕಿಯಲ್ಲಿಟ್ಟೆ. ಶುಕ್ರವಾರ ಅದು.
ಸೋಮವಾರ ಅಂಚಿನಲ್ಲಿ ಚೌಕಚೌಕ ಹರಳು,
ನಡುವೆ ಮಾತ್ರ ಒಂದು ಕಾಸಿನಗಲ ಒದ್ದೆ,
ಇನ್ನೂ ಬಿಟ್ಟುಕೊಡದ್ದು.
ಚೀಟಿ ತೆಗೆದೆ. ಸೂತ್ರ ಬರೆಯುವುದು ವಾಡಿಕೆ.
ಕನ್ನಡದಲ್ಲಿ ಬರೆದೆ: ಉಪ್ಪು.
ಪ ಒತ್ತಿಗೆ ಜಾಗ ಸಾಲದೆ
ಚೀಟಿಯಿಂದಾಚೆ ಗಾಜಿನ ಮೇಲೆ ಹೋಯಿತು.